ಅತ್ತಿಗೆಗೆ ಸೇರದ ಹಣ್ಣು

ನಮ್ಮ ಅತ್ತಿಗೆ ಅಕ್ಕಯಮ್ಮನಿಗೆ ಮಾವಿನಹಣ್ಣು ಸೇರುತ್ತಿರಲಿಲ್ಲ. ಬೇರೆ ಕಡೆಯವರಿಗೆ ಇದೊಂದು ಸಂಗತಿಯೇ ಅಲ್ಲ. ಆದರೆ ಅವಳು ಸೊಸೆಯಾಗಿ ಬಂದದ್ದು ಶ್ರೀನಿವಾಸಪುರದ ಸೀಮೆಗೆ, ಅದರಲ್ಲೂ ಮಾವಿನ ತೋಪಿನ ಮನೆ ಎಂದೇ ಹೆಸರಾಗಿದ್ದ ನಮ್ಮ ಮನೆಗೆ. ಇಲ್ಲಿ ಮಾವಿನಹಣ್ಣು ಸೇರುವುದಿಲ್ಲ ಎಂದವರನ್ನು ಜನ ಒಂದು ಗಳಿಗೆ ದಿಟ್ಟಿಸಿ ನೋಡುತ್ತಾರೆ. ಆಮೇಲೆ ಪಿತ್ತವೋ, ಮೈ ಉಷ್ಣವೋ, ಯಾವುದಾದರೂ ದೇವರಿಗೆ ಬಿಟ್ಟಿದ್ದಾರೋ ಎಂದು ವಿಚಾರಿಸುತ್ತಾರೆ. ಸುಮ್ಮನೆ ಸೇರುವುದಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಇಷ್ಟಪಟ್ಟು ತಿನ್ನುವವರನ್ನು ಯಾರೂ ಕಾರಣ ಕೇಳುವುದಿಲ್ಲ, ಬೇಡ ಎಂದವರು ಮಾತ್ರ ಊರಿಗೆಲ್ಲ ಕಾರಣ ಹೇಳುತ್ತಾ ತಿರುಗಬೇಕು. ಇದು ಯಾವ ನ್ಯಾಯ ಎಂದು ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಆ ಸಿಟ್ಟಿನಲ್ಲಿ ಅರ್ಧ ನನ್ನ ಮೇಲೇ ಎಂಬುದನ್ನೂ ಹೇಳಿಬಿಡಬೇಕು. ಯಾಕೆಂದರೆ ನಮ್ಮ ಮನೆಯಲ್ಲಿ ನಡೆದ ರಾದ್ಧಾಂತಕ್ಕೆ ಮೊದಲು ಬಾಯಿ ಬಿಟ್ಟವಳು ನಾನೇ.

ಅತ್ತಿಗೆ ಬಂದದ್ದು ಎಪ್ಪತ್ತಮೂರನೇ ಇಸವಿಯ ಮಾಘ ಮಾಸದಲ್ಲಿ, ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರದಿಂದ. ಅವಳಿಗೆ ಆಗ ಹತ್ತೊಂಬತ್ತು, ನನಗೆ ಹನ್ನೊಂದು. ಮನೆಯಲ್ಲಿ ಅಪ್ಪ ಮುನಿರಾಮಪ್ಪ, ಅಮ್ಮ ಮುನಿಗಂಗಮ್ಮ, ಅಣ್ಣ ವೆಂಕಟರಾಯಪ್ಪ ಮತ್ತು ನಾನು. ಅಪ್ಪನದು ಹೊಲ, ತೋಪು, ಬಾವಿ. ಒಳಗಿನದೆಲ್ಲ ಅಮ್ಮನ ಕಣ್ಸನ್ನೆಯಲ್ಲೇ ನಡೆಯುತ್ತಿತ್ತು. ಅಣ್ಣ ಒಳ್ಳೆಯವನು, ಆದರೆ ಅಮ್ಮ ಕೆಮ್ಮಿದರೆ ತಾನು ಮಾತು ನಿಲ್ಲಿಸುವ ಪೈಕಿ. ಅತ್ತಿಗೆ ಎತ್ತರದ ಹೆಂಗಸು, ಮಾತು ಕಡಿಮೆ, ಕೆಲಸದಲ್ಲಿ ಚುರುಕು. ಬಂದ ಹದಿನೈದೇ ದಿನಕ್ಕೆ ನಮ್ಮ ರೇಷ್ಮೆ ಹುಳುವಿನ ಮನೆಯನ್ನು ಪೂರ್ತಿ ತಾನೇ ನೋಡಿಕೊಳ್ಳತೊಡಗಿದಳು. ಸಂಜೆ ಇಬ್ಬರೂ ಕೂತು ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದೆವು. ಅವಳು ಬಾಯಿ ಬಿಡುತ್ತಿದ್ದುದು ಆಗ ಮಾತ್ರ, ಅದೂ ನನ್ನ ಹತ್ತಿರ ಮಾತ್ರ.

ಬಾಯಿ ಬಿಟ್ಟರೆ ಬರುತ್ತಿದ್ದುದು ಒಂದೇ ವಿಷಯ. ದೇವರಾಯಸಮುದ್ರದ ಕೆರೆ ಕಟ್ಟೆಯ ಕೆಳಗೆ ಅವರ ಹೊಲ, ಹೊಲದ ಬದುವಿನಲ್ಲಿ ಒಂದು ಬೇಲದ ಮರ. ಶಿವರಾತ್ರಿ ಹತ್ತಿರ ಬಂದಂತೆ ಹಣ್ಣು ತಾನಾಗಿ ಉದುರುತ್ತದಂತೆ. ಬೆಳಗಿನ ಜಾವ ಮನೆಯಲ್ಲಿ ಮಲಗಿದ್ದವಳಿಗೇ ಹಣ್ಣು ಬಿದ್ದ ಸದ್ದು ಕೇಳುತ್ತಿತ್ತಂತೆ. ಓಡಿಹೋಗಿ ಆರಿಸಿ, ಕಲ್ಲಿಗೆ ಕುಟ್ಟಿ ಒಡೆದು, ಒಳಗಿನ ಕಂದು ತಿರುಳಿಗೆ ಬೆಲ್ಲ ಕಲಸಿ, ಚಿಪ್ಪಿನ ಚೂರಿನಿಂದಲೇ ತೋಡಿಕೊಂಡು ಕಟ್ಟೆಯ ಮೇಲೆ ಕೂತು ತಿನ್ನುವುದು.

"ಎದುರಿಗೆ ಕೆರೆ ನೀರು, ಕೈಯಲ್ಲಿ ಹಣ್ಣು. ಅಷ್ಟಿದ್ರೆ ನಂಗೆ ಊಟಾನೂ ಬೇಡ ಶಾಮಲ," ಅನ್ನುತ್ತಿದ್ದಳು. "ಈ ವರ್ಷದ ಹಣ್ಣು ಉದುರೋ ಹೊತ್ತಿಗೆ ನಾನು ಇಲ್ಲಿಗೆ ಬಂದ್ಬಿಟ್ಟೆ ನೋಡು."

ನನಗೆ ಬೇಲದ ಹಣ್ಣಿನ ವಾಸನೆ ಕಂಡರಾಗುತ್ತಿರಲಿಲ್ಲ. ಈಗಲೂ ಆಗುವುದಿಲ್ಲ. ನಮ್ಮ ಮನೆಯಲ್ಲಿ ಅದರ ಹೆಸರು ಬರುತ್ತಿದ್ದುದು ರಾಮನವಮಿಯ ಪಾನಕಕ್ಕೆ ಮಾತ್ರ, ಅದನ್ನೂ ದೇವರ ಮೇಲಿನ ಭಯದಿಂದ ಒಂದು ಲೋಟ ಕುಡಿದು ಮುಗಿಸುತ್ತಿದ್ದೆವು. ಆ ವರ್ಷದ ರಾಮನವಮಿಗೆ ಅತ್ತಿಗೆ ದೇವಸ್ಥಾನದಲ್ಲಿ ಮೂರು ಲೋಟ ಕುಡಿದಳು. ನಾಲ್ಕನೆಯದಕ್ಕೆ ಕೈ ಚಾಚಿದಾಗ ಅಮ್ಮ ಹಿಂದಿನಿಂದ ಸೆರಗು ಹಿಡಿದು ಎಳೆದಳು.

ಮಾವಿನಹಣ್ಣಿನ ವಿಷಯ ಹೊರಬಿದ್ದದ್ದು ವೈಶಾಖದಲ್ಲಿ. ನಮ್ಮ ಮನೆಯಲ್ಲಿ ಒಂದು ಪದ್ಧತಿಯಿತ್ತು. ತೋಪಿನ ಮೊದಲ ರಸಪುರಿ ಹಣ್ಣುಗಳನ್ನು ಹುಲ್ಲಿನಲ್ಲಿ ಅಡೆ ಹಾಕಿ ಮಾಗಿಸಿ, ತೊಳೆದು ವೆಂಕಟರಮಣನ ಪಟದ ಮುಂದಿಟ್ಟು ಪೂಜೆ ಮಾಡುವುದು. ಆಮೇಲೆ ಮನೆಯ ಹಿರಿಯ ಹೆಂಗಸು ತನ್ನ ಕೈಯಾರೆ ಕೊಯ್ದು ಎಲ್ಲರಿಗೂ ಒಂದೊಂದು ಹೋಳು ಕೊಡುವುದು. ಕೊನೆಗೆ ಉಳಿಯುವ ಓಟೆ, ಅಂದರೆ ಗೊರಟು, ಕೊಯ್ದವರದು. ಅಮ್ಮನಿಗೆ ಹೋಳಿಗಿಂತ ಓಟೆಯೇ ಇಷ್ಟ. ಎಲ್ಲರಿಗೂ ಕೊಟ್ಟಾದ ಮೇಲೆ ನಡುಮನೆಯ ಕಂಬಕ್ಕೆ ಒರಗಿ, ಕಾಲು ನೀಡಿಕೊಂಡು, ಓಟೆಯನ್ನು ಬೆಳ್ಳಗಾಗುವ ತನಕ ಚೀಪುತ್ತಿದ್ದಳು. ಆ ಹೊತ್ತಿನಲ್ಲಿ ಅವಳನ್ನು ಯಾರೂ ಮಾತಾಡಿಸುವ ಹಾಗಿರಲಿಲ್ಲ. ವರ್ಷವಿಡೀ ಎಲ್ಲರ ಮೇಲೂ ರೇಗುವ ನಮ್ಮಮ್ಮ ಚಿಕ್ಕ ಹುಡುಗಿಯಾಗುತ್ತಿದ್ದುದು ಆಗ ಮಾತ್ರ.

ಆ ದಿನ ಮೊದಲ ಹೋಳು ಹೊಸ ಸೊಸೆಯ ಪಾಲು. ಅಮ್ಮ ಹಣ್ಣಿನ ಕೆನ್ನೆ ಕೊಯ್ದು ಅತ್ತಿಗೆಯ ಮುಂದೆ ಹಿಡಿದಳು.

"ತಗೊಳಮ್ಮ. ಮನೆಗೆ ಬಂದ ಲಕ್ಷ್ಮಿ ಮೊದ್ಲು ತಿನ್ಬೇಕು."

ಅತ್ತಿಗೆ ಕೈ ಚಾಚಲಿಲ್ಲ. "ತಪ್ಪು ತಿಳ್ಕೋಬೇಡಿ ಅತ್ತೆ. ನಂಗೆ ಮಾವಿನಹಣ್ಣು ಸೇರಲ್ಲ," ಅಂದಳು.

"ಸೇರಲ್ಲ ಅಂದ್ರೆ?"

"ಸೇರಲ್ಲ ಅತ್ತೆ. ಸಣ್ಣೋಳಿದ್ದಾಗ್ಲಿಂದ್ಲೂ ಅಷ್ಟೇ."

ಅಮ್ಮನ ಕೈ ಚಾಚಿದಂತೆಯೇ ಇತ್ತು. ರಸ ಮೊಣಕೈಯವರೆಗೆ ಇಳಿಯಿತು. ಅಪ್ಪ ಅಣ್ಣನ ಮುಖ ನೋಡಿದ, ಅಣ್ಣ ನೆಲ ನೋಡಿದ. ಆ ತೋಪು ನೆಟ್ಟವನು ನಮ್ಮ ತಾತ. ಆ ಹಣ್ಣನ್ನು ಬೇಡ ಎಂದವರನ್ನು ಆ ನಡುಮನೆ ಅಲ್ಲಿಯವರೆಗೆ ಕಂಡಿರಲಿಲ್ಲ. ಪೂಜೆಗೆಂದು ನಮ್ಮ ದೊಡ್ಡಮ್ಮ ದೊಡ್ಡಗಂಗಮ್ಮನೂ ಬಂದಿದ್ದಳು. ಅಮ್ಮನ ಅಕ್ಕ, ನಮ್ಮ ಬೀದಿಯಲ್ಲೇ ಮನೆ. ಊರಿನ ಯಾವ ಸಂಗತಿಗೂ ಅರ್ಥ ಹೇಳುವುದು ಅವಳ ಕೆಲಸ.

"ಇದು ಸೇರ್ದೆ ಇದ್ರೆ ಇನ್ನೇನು ಸೇರುತ್ತಮ್ಮ ನಿಂಗೆ?" ಎಂದು ಕೇಳಿದಳು.

"ಬೇಲದ ಹಣ್ಣು," ಅಂದಳು ಅತ್ತಿಗೆ. ಕೇಳಿದ್ದಕ್ಕೆ ನಿಜ ಹೇಳಿದಳು ಅಷ್ಟೆ.

ದೊಡ್ಡಮ್ಮನ ಮುಖ ಅರಳಿತು. "ವೆಲಗಪಂಡಾ!" ಎಂದು ತೊಡೆ ತಟ್ಟಿಕೊಂಡು, "ಏಮ್ಮಾ, ನೆಲ ತಪ್ಪಿಂದಾ?" ಎಂದಳು. ಖುಷಿಯಾದರೂ ದುಃಖವಾದರೂ ಅವಳ ಬಾಯಲ್ಲಿ ತೆಲುಗೇ ಬರುತ್ತಿತ್ತು. ತಿಂಗಳು ತಪ್ಪಿದೆಯಾ ಎಂದು ಅವಳು ಕೇಳಿದ್ದು. ಸಿಹಿ ಬೇಡ, ಹುಳಿ ಬೇಕು ಎಂದು ಹೊಸ ಸೊಸೆ ಹೇಳಿದರೆ ನಮ್ಮ ಕಡೆ ಹೆಂಗಸರಿಗೆ ಹೊಳೆಯುವುದು ಅದೊಂದೇ.

ಅತ್ತಿಗೆ ಉತ್ತರ ಕೊಡುವ ಮೊದಲೇ ನಾನು ಕೂಗಿದೆ. "ಹೂಂ ದೊಡ್ಡಮ್ಮ! ಅತ್ತಿಗೆ ಈ ಸಲ ಹೊರಗೇ ಕೂತಿಲ್ಲ!"

ನಮ್ಮ ಮನೆಯಲ್ಲಿ ಮುಟ್ಟಾದವರು ಮೂರು ದಿನ ದನದ ಹಟ್ಟಿಯ ಪಕ್ಕದ ಜಗಲಿಯಲ್ಲಿರಬೇಕಿತ್ತು. ಅವಳು ಹೊರಗೆ ಕೂತರೆ ಸೊಪ್ಪು ಹೆಚ್ಚುವ ಕೆಲಸವೆಲ್ಲ ನನ್ನ ತಲೆಗೆ ಬರುತ್ತಿದ್ದುದರಿಂದ ನನಗೆ ಲೆಕ್ಕ ಚೆನ್ನಾಗಿ ನೆನಪಿತ್ತು. ಹದಿನೈದು ದಿನ ಮೀರಿತ್ತು. ಹೊಸ ಜಾಗ, ಹೊಸ ನೀರು, ಮೈಮುರಿ ಕೆಲಸ, ಹೆಣ್ಣುಮಕ್ಕಳಿಗೆ ಹೀಗಾಗುವುದುಂಟು ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ.

"ಅದಕ್ಕಲ್ಲ ದೊಡ್ಡಮ್ಮ... ನಂಗೆ ಮೊದ್ಲಿಂದ್ಲೂ..." ಎಂದು ಅತ್ತಿಗೆ ಶುರುಮಾಡಿದಳು. ಎಲ್ಲರೂ ನಾಚಿಕೆ ಎಂದುಕೊಂಡು ನಕ್ಕರು. ಅಮ್ಮ ಆ ಹೋಳನ್ನು ತಾನೇ ಬಾಯಿಗೆ ಹಾಕಿಕೊಂಡು, ಅಂಟು ಕೈಯಲ್ಲೇ ಅತ್ತಿಗೆಯ ಕೆನ್ನೆ ಸವರಿ ನೆಟಿಗೆ ಮುರಿದಳು. ಅಮ್ಮ ಯಾರನ್ನಾದರೂ ಹಾಗೆ ಮುಟ್ಟಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಮಾರನೆಯ ದಿನವೇ ಅಣ್ಣ ಬಸ್ಸು ಹತ್ತಿದ. ಅತ್ತಿಗೆಯ ಅಪ್ಪ ಚನ್ನರಾಯಪ್ಪನವರು ಅಟ್ಟದ ಮೇಲೆ ಎತ್ತಿಟ್ಟಿದ್ದ ಬೇಲದ ಹಣ್ಣನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಕಳಿಸಿದರು. ಚಿಪ್ಪು ಗಟ್ಟಿ, ತಿಂಗಳುಗಟ್ಟಲೆ ಇಟ್ಟರೂ ಕೆಡುವ ಹಣ್ಣಲ್ಲ. ದಿನಾ ಮಧ್ಯಾಹ್ನ ಊಟವಾದ ಮೇಲೆ ಅಮ್ಮ ಒಂದು ಕೈಯಲ್ಲಿ ಸೆರಗಿನಿಂದ ಮೂಗು ಮುಚ್ಚಿಕೊಂಡು, ಇನ್ನೊಂದು ಕೈಯಲ್ಲಿ ಹಣ್ಣನ್ನು ಒರಳಿಗೆ ಕುಟ್ಟಿ ಒಡೆದು, ಬೆಲ್ಲ ಹಾಕಿ ತಾನೇ ಕಲಸಿ ಅತ್ತಿಗೆಯ ಮುಂದಿಡುತ್ತಿದ್ದಳು. "ಥೂ, ಅದೇನ್ ವಾಸ್ನೆಯೋ! ತಿನ್ನಮ್ಮ, ತಿನ್ನು. ನನ್ ಮೊಮ್ಮಗ ಕೇಳ್ತಾವ್ನೆ," ಅನ್ನುತ್ತಿದ್ದಳು. ಅತ್ತಿಗೆ ಹಿತ್ತಲ ಬಾಗಿಲಿನಲ್ಲಿ ಕೂತು ಚಿಪ್ಪನ್ನು ಕೆರೆದು ಕೆರೆದು ತಿನ್ನುತ್ತಿದ್ದಳು. ಅವಳ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ನಾನು ಆಮೇಲೆ ಬಹಳ ವರ್ಷ ನೋಡಲಿಲ್ಲ.

"ನಿಜವಾಗ್ಲೂ ಮಗು ಆಗುತ್ತಾ ಅತ್ತಿಗೆ?" ಎಂದು ಒಂದು ದಿನ ಕೇಳಿದೆ.

"ನಂಗೇನ್ ಗೊತ್ತು ಶಾಮಲ? ಆದ್ರೂ ಆಗ್ಬಹುದು. ನಂಗೆ ಮೊದ್ಲಿಂದ್ಲೂ ಇದೇ ಇಷ್ಟ ಅಂತ ಎರಡು ಸಲ ಹೇಳ್ದೆ. ಯಾರು ಕೇಳಿಸ್ಕೊಂಡ್ರು?" ಎಂದು ಚಿಪ್ಪಿನ ತಳ ನೋಡಿದಳು.

ಇಪ್ಪತ್ತೆರಡನೆಯ ದಿನ ಬೆಳಿಗ್ಗೆ ನಾನು ಹಾಲು ಕರೆಯುವ ಚೊಂಬು ತರಲು ಹೋದಾಗ ಅತ್ತಿಗೆ ಹಟ್ಟಿಯ ಜಗಲಿಯಲ್ಲಿ ಕೂತಿದ್ದಳು. ಪಕ್ಕದಲ್ಲಿ ಚಾಪೆ, ತಲೆ ತಗ್ಗಿತ್ತು. ನನ್ನ ಹಿಂದೆಯೇ ಬಂದ ಅಮ್ಮ ಅವಳನ್ನು ನೋಡಿ ನಿಂತಳು.

"ಯಾವಾಗ?"

"ಬೆಳಗಿನ ಜಾವ ಅತ್ತೆ."

ಬಸಿರು ಹೋಯಿತೇನೋ ಎಂದು ಅಮ್ಮ ಹೆದರಿದಳು. ದೊಡ್ಡಮ್ಮ ಬಂದು, ಅದು ಇದು ವಿಚಾರಿಸಿ, ಏನೂ ನಿಂತೇ ಇರಲಿಲ್ಲ ಎಂದು ತೀರ್ಮಾನ ಕೊಟ್ಟಳು. ಇಪ್ಪತ್ತೆರಡು ದಿನದ ಹಿಂದೆ ತೀರ್ಮಾನ ಕೊಟ್ಟವಳೂ ತಾನೇ ಎಂಬುದು ಅವಳಿಗೆ ಮರೆತುಹೋಗಿತ್ತು. ಅಮ್ಮ ಆ ಹೊತ್ತಿಗೆ ಇಡೀ ಬೀದಿಗೆ, ಬಾವಿ ಹತ್ತಿರ, ಸಂತೆಯಲ್ಲಿ, ಎಲ್ಲ ಕಡೆ ಹೇಳಿಕೊಂಡು ಬಂದಿದ್ದಳು. ಅವಳಿಗಾದ ಅವಮಾನ ಸುಳ್ಳಲ್ಲ. ಅದು ಹರಿದುಹೋದದ್ದು ಮಾತ್ರ ಅತ್ತಿಗೆಯ ಕಡೆಗೆ.

"ನಾಲ್ಗೆ ಚಪಲಕ್ಕೆ ಬಸುರಿ ವೇಷ ಹಾಕ್ದೇನೇ?" ಎಂದಳು. "ಮೂಗು ಮುಚ್ಕೊಂಡು ಒಡ್ಕೊಟ್ನಲ್ಲೇ ನಾನು!"

ಅಮ್ಮ ಒಳಗೆ ಹೋಗಿ ಚೀಲ ಎಳೆದುಕೊಂಡು ಬಂದು, ಉಳಿದಿದ್ದ ಹಣ್ಣನ್ನೆಲ್ಲ ತಿಪ್ಪೆಗೆ ಸುರಿದಳು. ಜಗಲಿಯಿಂದ ತಿಪ್ಪೆ ಚೆನ್ನಾಗಿ ಕಾಣುತ್ತಿತ್ತು. ಮೂರು ದಿನವೂ ಅತ್ತಿಗೆ ಅದನ್ನು ನೋಡಿಕೊಂಡೇ ಕೂತಿದ್ದಳು. ನನ್ನದೇ ಬಾಯಿಂದ ಇಷ್ಟಾಯಿತಲ್ಲ ಎಂದು ನನಗೆ ಅಳು ಬಂತು. ಅವಳ ಹತ್ತಿರ ಹೋಗಿ ಹೇಳುವ ಧೈರ್ಯ ಬರಲಿಲ್ಲ.

ಅಲ್ಲಿಂದ ಮುಂದೆ ಅತ್ತಿಗೆ ನಮ್ಮ ಮನೆಯಲ್ಲಿ ಬೇಲದ ಹಣ್ಣಿನ ಹೆಸರೆತ್ತಲಿಲ್ಲ. ರಾಮನವಮಿಯ ಪಾನಕ ಒಂದೇ ಲೋಟ. ಮರುವರ್ಷ ಮೊದಲ ಹಣ್ಣಿನ ದಿನ ಅಮ್ಮ ಹೋಳು ಚಾಚಿದಾಗ ಎರಡು ಕೈಯಲ್ಲಿ ತಗೊಂಡು, ಕಣ್ಣಿಗೊತ್ತಿಕೊಂಡು, ಔಷಧಿ ನುಂಗುವ ಹಾಗೆ ನುಂಗಿದಳು. ಅವಳ ಕತ್ತಿನ ನರ ಬಿಗಿದದ್ದು ನನಗೆ ಕಂಡಿತು. ಅಮ್ಮನಿಗೂ ಕಂಡಿತು. ಆದರೆ ಅಮ್ಮನದೂ ಹಟ. ನಮ್ಮ ಮನೆಯ ಹಣ್ಣು ನಮ್ಮ ಮನೆಯ ಸೊಸೆ ತಿಂದಳು, ಅಷ್ಟು ಸಾಕು ಎಂಬಂತೆ ಕಂಬಕ್ಕೆ ಒರಗಿ ಓಟೆ ಚೀಪಿದಳು. ವರ್ಷ ವರ್ಷವೂ ಇದೇ ನಡೆಯಿತು.

ಎಪ್ಪತ್ತೈದರಲ್ಲಿ ಅತ್ತಿಗೆ ನಿಜವಾಗಿ ಬಸುರಿಯಾದಳು. ಐದನೇ ತಿಂಗಳಿನಲ್ಲಿ ಪದ್ಧತಿಯಂತೆ ಅಮ್ಮ ಅವಳನ್ನು ಮಣೆಯ ಮೇಲೆ ಕೂರಿಸಿ ಕೇಳಿದಳು. "ಏನು ಬಯಕೆ ಹೇಳಮ್ಮ. ಏನು ಬೇಕಾದ್ರೂ ತರಿಸ್ತೀನಿ." ಧ್ವನಿ ಮೆತ್ತಗಿತ್ತು. ಅವಳೇನು ಹೇಳಲಿ ಎಂದು ಅಮ್ಮ ಕಾಯುತ್ತಿದ್ದಾಳೆ ಎಂಬುದು ಹದಿಮೂರು ವರ್ಷದ ನನಗೂ ಅರ್ಥವಾಯಿತು.

"ಏನೂ ಬೇಡ ಅತ್ತೆ," ಅಂದಳು ಅತ್ತಿಗೆ.

ಎರಡನೇ ಮಗುವಿಗೂ ಕೇಳಿದಳು. ಆಗಲೂ ಅದೇ ಉತ್ತರ. ಅಮ್ಮ ಎದ್ದುಹೋಗಿ ತುಂಬಿದ್ದ ಕೊಡವನ್ನೇ ಮತ್ತೆ ತುಂಬಿಸಲು ಬಾವಿಗೆ ಹೊರಟಳು.

ನಮ್ಮ ಕಡೆ ಹೆಂಗಸನ್ನು ಕೂರಿಸಿಕೊಂಡು ನಿನಗೇನು ತಿನ್ನಬೇಕು ಅನ್ನಿಸುತ್ತದೆ ಎಂದು ಕೇಳುವುದು ಬದುಕಿನಲ್ಲಿ ಎರಡು ಹೊತ್ತಿನಲ್ಲಿ ಮಾತ್ರ, ಬಸುರಿಯಾದಾಗ ಮತ್ತು ಸಾಯುವಾಗ. ಮೊದಲನೆಯದು ಹೊಟ್ಟೆಯೊಳಗಿನ ಮಗುವಿನ ಸಲುವಾಗಿ, ಎರಡನೆಯದು ಜೀವ ಸುಲಭವಾಗಿ ಹೋಗಲಿ ಎಂಬ ಸಲುವಾಗಿ. ನಡುವಿನ ನಲವತ್ತು ಐವತ್ತು ವರ್ಷ ಅವಳ ನಾಲಗೆಗೆ ಏನು ಬೇಕೆಂದು ಅವಳ ಗಂಡನಿಗೂ ಗೊತ್ತಿರುವುದಿಲ್ಲ. ಅತ್ತಿಗೆಯನ್ನು ನಾನಾದರೂ ಕೇಳಬಹುದಿತ್ತು. ಕೇಳಲಿಲ್ಲ.

ನಾನು ಕೋಲಾರಕ್ಕೆ ಕಾಲೇಜಿಗೆ ಹೋದೆ. ಹಾಸ್ಟೆಲ್ಲಿನಲ್ಲಿ ಆ ವರ್ಷ ಹುಡುಗಿಯರೆಲ್ಲ ಒಂದು ಸಿನಿಮಾವನ್ನು ನಾಲ್ಕು ನಾಲ್ಕು ಸಲ ನೋಡಿ ಬಂದು ಅಳುತ್ತಿದ್ದರು. ನನಗೆ ಅದು ಮೊದಲ ಸಲವೇ ಬೇಸರ ತಂದಿತ್ತು. ಹೇಳಿದರೆ ಎಲ್ಲಿ ಹೊರಗಿಡುತ್ತಾರೋ ಎಂದು ಹೆದರಿ ನಾನೂ ಇನ್ನೊಂದು ಸಲ ಹೋದೆ, ಕರವಸ್ತ್ರ ಒದ್ದೆ ಮಾಡಿಕೊಂಡು ಬಂದೆ. ಎರಡನೇ ಸಲ ಕತ್ತಲಲ್ಲಿ ಕೂತಿದ್ದಾಗ ಹೋಳು ನುಂಗುವ ಅತ್ತಿಗೆಯ ಕತ್ತು ನೆನಪಾಗಿ ನಾಚಿಕೆಯಾಯಿತು. ಅವಳು ಒಂದು ಸಲವಾದರೂ ಬಾಯಿಬಿಟ್ಟು ಬೇಡ ಎಂದಿದ್ದಳು. ನನಗೆ ಅಷ್ಟೂ ಆಗಿರಲಿಲ್ಲ.

ವರ್ಷಕ್ಕೊಂದು ಸಲ ಶಿವರಾತ್ರಿಯ ಹೊತ್ತಿಗೆ ಅತ್ತಿಗೆ ತವರಿಗೆ ಹೋಗುತ್ತಿದ್ದಳು. ಎರಡು ದಿನ ಇದ್ದು ಬರುತ್ತಿದ್ದಳು. ಬಂದ ಮೇಲೆ ಒಂದು ವಾರ ಅವಳ ಕೈಯಲ್ಲಿ ಸಣ್ಣಗೆ ಆ ವಾಸನೆ ಇರುತ್ತಿತ್ತು. ಎಂಬತ್ತೊಂದರಲ್ಲಿ ಹೋದವಳು ಆ ದಿನ ಸಂಜೆಯೇ ವಾಪಸು ಬಂದಳು. ಚನ್ನರಾಯಪ್ಪನವರು ತೀರಿಹೋಗಿ ವರ್ಷವಾಗಿತ್ತು. ಅವಳ ಅಣ್ಣಂದಿರು ಬದು ಸರಿಮಾಡಲು ಮರ ಕಡಿಸಿ ಇಟ್ಟಿಗೆ ಗೂಡಿಗೆ ಸೌದೆಗೆ ಹಾಕಿದ್ದರು. ಅವರನ್ನು ಬೈದೂ ಪ್ರಯೋಜನವಿಲ್ಲ. ಅವರಿಗೆ ಅದು ಹೊಲಕ್ಕೆ ನೆರಳು ಮಾಡುವ ಒಂದು ಮುಳ್ಳುಮರ.

ಅವಳ ಚೀಲದಲ್ಲಿ ಒಂದೇ ಒಂದು ಹಣ್ಣಿತ್ತು. ಕಡಿಯುವಾಗ ಉರುಳಿ ಕಟ್ಟೆಯ ಬುಡಕ್ಕೆ ಬಿದ್ದಿದ್ದನ್ನು ಅತ್ತಿಗೆ ಹುಡುಕಿ ತಂದಿದ್ದಳು. ನಾನು ರಜಕ್ಕೆ ಬಂದಿದ್ದೆ. "ತಿನ್ನು ಅತ್ತಿಗೆ, ಹಿತ್ತಲಲ್ಲಿ ಕೂತು ತಿನ್ನು, ಅಮ್ಮ ತೋಪಿಗೆ ಹೋಗಿದಾಳೆ," ಅಂದೆ.

"ಈ ಮನೇಲಿ ತಿನ್ನಲ್ಲ ಕಣೇ," ಅಂದಳು. ಹಣ್ಣನ್ನು ಟ್ರಂಕಿನಲ್ಲಿ ಸೀರೆಗಳ ನಡುವೆ ಇಟ್ಟಳು.

ಅದು ಅಲ್ಲೇ ಒಣಗಿತು. ಸೀರೆಗೆಲ್ಲ ವಾಸನೆ ಹತ್ತಿತು. ಒಂದು ದಿನ ಅವಳು ಅದರ ಬಾಯನ್ನು ದುಂಡಗೆ ಕೊರೆದು, ಒಣಗಿದ ತಿರುಳು ಕೆರೆದು ತೆಗೆದು, ಚಿಪ್ಪಿಗೆ ಕುಂಕುಮ ತುಂಬಿಸಿ ಕನ್ನಡಿಯ ಗೂಡಿನಲ್ಲಿಟ್ಟಳು. ಮನೆಯ ಹೆಂಗಸರೆಲ್ಲ ದಿನಾ ಬೆಳಿಗ್ಗೆ ಹಣೆಗಿಟ್ಟುಕೊಳ್ಳುವುದು ಆ ಗೂಡಿನ ಮುಂದೆ ನಿಂತೇ.

"ಅದೇನೇ ಅದು?" ಎಂದು ಅಮ್ಮ ಕೇಳಿದಳು.

"ಬೇಲದ ಚಿಪ್ಪು ಅತ್ತೆ. ನಮ್ಮೂರ ಮರದ್ದು. ಮರ ಹೋಯ್ತು."

ಅಮ್ಮ ಚಿಪ್ಪನ್ನು ಕೈಗೆ ತಗೊಂಡು ತಿರುಗಿಸಿ ನೋಡಿದಳು. ಬೈಯುತ್ತಾಳೆ ಎಂದು ನಾನು ಕಾದೆ. ಅವಳು ಬೆರಳು ಅದ್ದಿ ಹಣೆಗಿಟ್ಟುಕೊಂಡು ಇದ್ದಲ್ಲೇ ಇಟ್ಟಳು.

ಆಮೇಲೆ ನನಗೆ ಮಾಲೂರಿನಲ್ಲಿ ಟೀಚರ್ ಕೆಲಸ ಸಿಕ್ಕಿತು. ಅಪ್ಪ ತೀರಿಕೊಂಡ. ಎಂಬತ್ತೇಳರ ಫಾಲ್ಗುಣದಲ್ಲಿ ಅಮ್ಮ ಹಾಸಿಗೆ ಹಿಡಿದಳು. ಹೊಟ್ಟೆಯಲ್ಲಿ ಗಡ್ಡೆ. ಕೋಲಾರದ ಡಾಕ್ಟರು ನೋಡಿ, ಮನೆಗೆ ಕರೆದುಕೊಂಡು ಹೋಗಿ, ಕೇಳಿದ್ದು ಕೊಡಿ ಎಂದರು. ಅಲ್ಲಿಗೆ ಅಮ್ಮನ ಎರಡನೇ ಸರದಿ ಬಂತು. ಬಂದವರೆಲ್ಲ ಕೇಳುವವರೇ. "ಏನು ಆಸೆ ಮುನಿಗಂಗಮ್ಮ? ಏನು ತಿನ್ಬೇಕು ಅನ್ಸುತ್ತೆ?" ಅಮ್ಮ ತಲೆಯಾಡಿಸುತ್ತಿದ್ದಳು. ಕೇಳುವುದೇನು, ಅವಳಿಗೆ ಬೇಕಾದದ್ದು ಮಾವಿನಹಣ್ಣೇ ಎಂದು ಅಣ್ಣ ತಾನೇ ನಿರ್ಧರಿಸಿದ. ತೋಪಿನಲ್ಲಿ ಇನ್ನೂ ಹೀಚು. ಕೋಲಾರದ ಅಂಗಡಿಗಳನ್ನೆಲ್ಲ ಅಲೆದು, ತಮಿಳುನಾಡಿನ ಕಡೆಯಿಂದ ಬಂದಿದ್ದ ಎರಡು ಅಕಾಲದ ಹಣ್ಣು ಹುಡುಕಿ ತಂದು ಅವಳ ಮೂಗಿನ ಹತ್ತಿರ ಹಿಡಿದ. ಅಮ್ಮ ಮುಖ ಆ ಕಡೆ ತಿರುಗಿಸಿದಳು.

"ಬೇಲದ ಹಣ್ಣು ತರ್ಸೋ," ಅಂದಳು.

ಅಣ್ಣ ನನ್ನ ಮುಖ ನೋಡಿದ. ಜ್ವರ ತಲೆಗೇರಿದೆ ಎಂದುಕೊಂಡೆವು. ಆದರೂ ಕೇಳಿದ್ದು ತರಬೇಕಲ್ಲ. ದೇವರಾಯಸಮುದ್ರದ ಮರ ಇರಲಿಲ್ಲ. ವಕ್ಕಲೇರಿಯ ಹಾಲಿನ ಡೈರಿಯಲ್ಲಿ ಅಣ್ಣನ ಪರಿಚಯದವರೊಬ್ಬರಿದ್ದರು, ಅವರ ಹೊಲದಲ್ಲಿ ಒಂದು ಮರವಿತ್ತು. ಅಣ್ಣ ಹೋಗಿ ಮೂರು ಹಣ್ಣು ತಂದ. ಅಡುಗೆಮನೆಯಲ್ಲಿ ಗಂಜಿ ಕಾಯಿಸುತ್ತಿದ್ದ ಅತ್ತಿಗೆಗೆ ನಾನು ಹಣ್ಣು ಕೊಟ್ಟು, "ಒಡೆದು ಕಲಸು, ಅಮ್ಮನಿಗೆ ಬೇಕಂತೆ," ಅಂದೆ. ಅವಳು ನನ್ನನ್ನೇ ನೋಡಿದಳು. ಆಮೇಲೆ ಒರಳಿಗೆ ಕುಟ್ಟಿದಳು. ಹದಿನಾಲ್ಕು ವರ್ಷದ ಮೇಲೆ ಆ ಸದ್ದು ನಮ್ಮ ಮನೆಯಲ್ಲಿ ಕೇಳಿತು.

ಬೆಲ್ಲ ಕಲಸಿದ ಚಿಪ್ಪನ್ನು ತಂದು ಅತ್ತಿಗೆ ಅಮ್ಮನ ತುಟಿಗೆ ಒಂದಿಷ್ಟು ಹಚ್ಚಲು ಹೋದಳು. ಅಮ್ಮ ಅವಳ ಕೈ ಹಿಡಿದು ತಡೆದಳು. ಇನ್ನೊಂದು ಕೈ ಮೆಲ್ಲಗೆ ಸೆರಗನ್ನು ಎಳೆದು ಮೂಗಿಗೆ ಮುಚ್ಚಿಕೊಂಡಿತು.

"ನಂಗಲ್ಲ. ನೀನು ತಿನ್ನು."

"ಅತ್ತೆ?"

"ನನ್ ಮುಂದೆ ಕೂತ್ಕೊಂಡು ತಿನ್ನು. ನಾನು ನೋಡ್ಬೇಕು."

"ಬೇಡ ಅತ್ತೆ. ಅದೆಲ್ಲ ಯಾವ ಕಾಲದ್ದು? ನಂಗೆ ಮರ್ತೇಹೋಗಿದೆ."

"ಮರ್ತೋಳು ಚಿಪ್ಪು ಇಟ್ಕೊಂಡಿರ್ತೀಯೇನೇ?" ಅಮ್ಮನಿಗೆ ಉಸಿರು ಸಾಲುತ್ತಿರಲಿಲ್ಲ. ಮಾತಿಗೊಂದು ಸಲ ನಿಲ್ಲುತ್ತಿದ್ದಳು. "ಎರಡು ಮಕ್ಳು ಹೆತ್ತೆ. ಎರಡು ಸಲಾನೂ ನಾನು ಕೇಳ್ದೆ. ಏನೂ ಬೇಡ ಅಂದೆ. ಕೇಳ್ತಾಳೇನೋ, ಈ ಸಲನಾದ್ರೂ ಕೇಳ್ತಾಳೇನೋ ಅಂತ ಕಾದೆ ಕಣೇ."

ಅತ್ತಿಗೆ ಅಳತೊಡಗಿದಳು.

"ನಂಗೆ ಇದು ಸೇರಲ್ಲ. ನಿಂಗೆ ಮಾವಿನಹಣ್ಣು ಸೇರಲ್ಲ. ಇಷ್ಟೇ ತಾನೇ?" ಅಂದಳು ಅಮ್ಮ.

"ಇಷ್ಟೇ ಅತ್ತೆ."

"ಬಸುರಿ ವೇಷ ಅಂದ್ಬಿಟ್ನಲ್ಲೇ ನಿನ್ನ."

ಅತ್ತಿಗೆ ಚಾಪೆಯ ಮೇಲೆ ಅಮ್ಮನ ಪಕ್ಕದಲ್ಲೇ ಕೂತು, ಚಿಪ್ಪಿನ ಚೂರಿನಿಂದ ತೋಡಿ ಬಾಯಿಗಿಟ್ಟಳು. ಅಮ್ಮ ಸೆರಗಿನ ಮೇಲಿನಿಂದ ಕಣ್ಣು ಬಿಟ್ಟುಕೊಂಡು ನೋಡಿದಳು. ಅತ್ತಿಗೆ ಅಳುತ್ತಲೇ ತಿಂದಳು, ನಿಧಾನವಾಗಿ, ತಳ ಕೆರೆಯುವ ತನಕ. ನಾನೂ ಅಣ್ಣನೂ ಬಾಗಿಲಿನಲ್ಲಿ ನಿಂತಿದ್ದೆವು. ಅಣ್ಣ ಮುಖ ಆ ಕಡೆ ಮಾಡಿಕೊಂಡಿದ್ದ.

"ರುಚಿಯಾಗಿದ್ಯಾ?" ಎಂದು ಅಮ್ಮ ಕೇಳಿದಳು.

"ಚೆನ್ನಾಗಿದೆ ಅತ್ತೆ."

"ಅದೇನ್ ರುಚಿಯೋ ತಾಯಿ," ಎಂದು ಅಮ್ಮ ಕಣ್ಣು ಮುಚ್ಚಿದಳು. ಅವತ್ತು ಅವಳಿಗೆ ಒಳ್ಳೆ ನಿದ್ದೆ ಬಂತು.

ಪಾತ್ರೆ ತೊಳೆಯುವಾಗ ನಾನು ಅತ್ತಿಗೆಯನ್ನು ಕೇಳಿದೆ. "ನಿಜ ಹೇಳು, ಹೇಗಿತ್ತು?"

"ಹುಳಿ ಜಾಸ್ತಿ ಇತ್ತು. ನಮ್ ಕೆರೆ ಕಟ್ಟೆ ಮರದ್ದಲ್ವಲ್ಲ," ಎಂದಳು. ತೊಳೆದ ಪಾತ್ರೆ ಬೋರಲು ಹಾಕುತ್ತಾ, "ಆದ್ರೂ ಇಷ್ಟು ಚೆನ್ನಾಗಿರೋ ಹಣ್ಣು ನಾನು ಯಾವತ್ತೂ ತಿಂದಿಲ್ಲ," ಅಂದಳು.

ಆರು ದಿನದ ಮೇಲೆ ಅಮ್ಮ ಹೋದಳು. ಯುಗಾದಿಗೆ ಇನ್ನೂ ಒಂದು ವಾರವಿತ್ತು.

ಆ ವರ್ಷ ವೈಶಾಖದಲ್ಲಿ ಪೂಜೆಯ ಸಡಗರ ಬೇಡ ಎಂದಿದ್ದೆವು. ಆದರೆ ಮೊದಲ ಹಣ್ಣು ಮಾಗಿತು, ಅದನ್ನು ಅಮ್ಮನಿಗೆ ಇಡದೆ ತಿನ್ನುವುದು ಹೇಗೆ? ನಾನೂ ಮಾಲೂರಿನಿಂದ ಬಂದೆ. ಅಮ್ಮನ ಫೋಟೋದ ಮುಂದೆ ಹಣ್ಣಿಟ್ಟು ಕೈ ಮುಗಿದೆವು. ಕೊಯ್ಯುವ ಹಿರಿಯ ಹೆಂಗಸು ಈಗ ಅತ್ತಿಗೆ. ಅವಳು ಚಾಕು ಹಿಡಿದು ಕೂತಳು. ಮೊದಲ ಹೋಳು ಕೊಯ್ದು ಮಗಳ ಮುಂದೆ ಹಿಡಿದು, "ನಿಂಗೆ ಬೇಕಾ?" ಎಂದು ಕೇಳಿದಳು. ಹುಡುಗಿ ನಕ್ಕು ಕಿತ್ತುಕೊಂಡಳು. ಮಗನನ್ನೂ ಕೇಳಿದಳು, ಅಣ್ಣನನ್ನೂ ಕೇಳಿದಳು, ನನ್ನನ್ನೂ ಕೇಳಿದಳು. ಆ ನಡುಮನೆಯಲ್ಲಿ ಮೊದಲ ಹಣ್ಣು ಕೊಡುವ ಮೊದಲು ಬೇಕಾ ಎಂದು ಯಾರೂ ಯಾರನ್ನೂ ಕೇಳಿದ್ದಿಲ್ಲ. ಎಲ್ಲರೂ ಬೇಕು ಅಂದೆವು.

ತನಗೆ ಅವಳು ಹೋಳು ಕೊಯ್ದುಕೊಳ್ಳಲಿಲ್ಲ. ಅವಳು ತಿನ್ನಲೇಬೇಕು ಎನ್ನುವವರು ಈಗ ಯಾರೂ ಇರಲಿಲ್ಲ. ತಟ್ಟೆಯಲ್ಲಿ ಓಟೆ ಉಳಿದಿತ್ತು. ಕೊಯ್ದವರ ಪಾಲು. ಮಕ್ಕಳಲ್ಲಿ ಯಾರಿಗಾದರೂ ಕೊಡುತ್ತಾಳೆ ಎಂದುಕೊಂಡೆ. ಅತ್ತಿಗೆ ಫೋಟೋವನ್ನೊಮ್ಮೆ ನೋಡಿ, ಓಟೆ ತೆಗೆದುಕೊಂಡು ಎದ್ದುಹೋಗಿ ಅಮ್ಮನ ಕಂಬಕ್ಕೆ ಒರಗಿ ಕೂತಳು. ಕಾಲು ನೀಡಿಕೊಂಡ ಅವಳು ಓಟೆಯನ್ನು ಬಾಯಿಗಿಟ್ಟು ಚೀಪತೊಡಗಿದಳು. ರಸ ಮೊಣಕೈಯವರೆಗೆ ಇಳಿಯಿತು, ಕಣ್ಣಲ್ಲೂ ನೀರು ಇಳಿಯುತ್ತಿತ್ತು.

ನಾನು ಹೋಗಿ ಪಕ್ಕದಲ್ಲಿ ಕೂತೆ. "ಹೇಗಿದೆ ಅತ್ತಿಗೆ?"

"ಸೇರಲ್ಲ ಕಣೇ," ಅಂದಳು.

ಓಟೆ ಬೆಳ್ಳಗಾಗುವ ತನಕ ಚೀಪಿದಳು.